ರಾತ್ರಿ ಎರಡಕ್ಕೇ ಎಚ್ಚರವಾಗುವ ಹಿರಿಯರಿಗೆ

ಬದಿಯಡ್ಕ, ಕುಂಬಳೆ ಕಡೆ ಎಷ್ಟೋ ಮನೆಗಳಲ್ಲಿ ಈಗ ಅಜ್ಜ, ಅಜ್ಜಿ ಇಬ್ಬರೇ. ನಿದ್ದೆ ಬರುವುದಿಲ್ಲ ಎಂದರೆ "ವಯಸ್ಸಾಯ್ತು ಅಲ್ವಾ" ಎಂದು ಸುಮ್ನೆ ಬಿಡಬೇಡಿ. ವಯಸ್ಸಾದಂತೆ ನಿದ್ದೆ ತೆಳುವಾಗುವುದು ಸಹಜ. ಆದರೆ ನಸುಕಿಗೂ ಮೊದಲೇ ಎಚ್ಚರ, ಎದೆ ಡವಡವ, ಊಟ ರುಚಿಸದು, ಯಾವುದರಲ್ಲೂ ಮನಸ್ಸಿಲ್ಲ, ಇಷ್ಟೆಲ್ಲ ಎರಡು ವಾರ ದಾಟಿದರೆ ಖಿನ್ನತೆ ಇರಬಹುದು. ಡಾಕ್ಟರಿಗೆ ತೋರಿಸಿ, ಅದಕ್ಕೆ ಚಿಕಿತ್ಸೆ ಇದೆ.

ಹಾಸಿಗೆಯಲ್ಲಿ ಹೊರಳಾಡುತ್ತಾ ಗಡಿಯಾರ ನೋಡಬೇಡಿ. ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಚಾವಡಿಗೆ ಬನ್ನಿ. ಮಂದ ಬೆಳಕಲ್ಲಿ ನಾಳೆಯ ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯಿರಿ. (ಅಡಿಕೆ ಬೇಡ, ಮೆಟ್ಟುಕತ್ತಿ ಹರಿತ!) ಕಣ್ಣು ಎಳೆದಾಗ ಮತ್ತೆ ಮಲಗಿ. ರಾತ್ರಿ ಹೇಗೇ ಕಳೆಯಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಸಂಜೆ ಚಹಾ ಬಿಡಿ.

ನೆರೆಮನೆಯವರು ಕೊಟ್ಟ ನಿದ್ದೆಮಾತ್ರೆ ಖಂಡಿತ ಬೇಡ. ಅದರ ಅಮಲಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಮೊದಲಿಂದ ನುಂಗುತ್ತಿದ್ದವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು.

ಮಾತಾಡಲು ಯಾರೂ ಇಲ್ಲದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡವೂ ಇದೆ. ಬದುಕೇ ಬೇಡ ಅನಿಸಿದರೆ ಬೆಳಗಾಗಲಿ ಎಂದು ಕಾಯಬೇಡಿ.