ಕಿವಿಯಂಚಿನ ನೋವಿನ ಗಂಟಿಗೆ ಮುಲಾಮು ಹಚ್ಚುವ ಕ್ರಮ

ಮಗ್ಗುಲಾಗಿ ಮಲಗಿದೊಡನೆ ಕಿವಿಯ ಮೇಲಂಚು ಚುಚ್ಚಿದಂತೆ ನೋಯುತ್ತಿದ್ದು, ಮುಟ್ಟಿ ನೋಡಿದರೆ ಅಲ್ಲಿ ತೊಗರಿಕಾಳಿನಷ್ಟು ದಪ್ಪದ, ನಡುವೆ ಹಕ್ಕಳೆ ಕಟ್ಟಿದ ಗಂಟು ಸಿಕ್ಕರೆ, ಅದು ಕಾಂಡ್ರೋಡರ್ಮಟೈಟಿಸ್ ನಾಡ್ಯುಲಾರಿಸ್ ಹೆಲಿಸಿಸ್ ಆಗಿರಬಹುದು. 1915ರಲ್ಲಿ ವೈದ್ಯ ಮ್ಯಾಕ್ಸ್ ವಿಂಕ್ಲರ್ ವಿವರಿಸಿದ ಈ ತೊಂದರೆ ನಡುವಯಸ್ಸು ದಾಟಿದವರಲ್ಲಿ ಹೆಚ್ಚು. ಕಿವಿಯ ಚರ್ಮದಡಿ ಕೊಬ್ಬು ತೀರ ಕಡಿಮೆ, ಒಳಗಿನ ಮೃದ್ವಸ್ಥಿಗೆ (ಮೆದು ಎಲುಬಿಗೆ) ಸ್ವಂತ ರಕ್ತನಾಳಗಳೂ ಇಲ್ಲ. ಆದ್ದರಿಂದ ರಾತ್ರಿಯಿಡೀ ಒಂದೇ ಮಗ್ಗುಲಿನ ಭಾರ ಬಿದ್ದಾಗ ಆ ಜಾಗಕ್ಕೆ ರಕ್ತ ಸಾಲದೆ ಹುಣ್ಣಾಗುತ್ತದೆ. ಕೋಲಾರದ ಟೊಮೆಟೊ ತೋಟದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಕಿವಿಯೊಡ್ಡಿದವರಿಗೆ, ಮಾಗಿಯ ಚಳಿಯಲ್ಲಿ ಬಿಗಿಯಾದ ಹೆಲ್ಮೆಟ್ ಹಾಕಿ ಓಡಾಡುವವರಿಗೆ ಇದು ಇನ್ನಷ್ಟು ಕಾಡೀತು.

ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಕೂಡ ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಮೊದಲು ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು. ಅನುಮಾನವಿದ್ದರೆ ಅವರು ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ.

ಹಚ್ಚಲು ವೈದ್ಯರು ನೈಟ್ರೋಗ್ಲಿಸರಿನ್ ಮುಲಾಮನ್ನೋ, ಶೇ 2ರ ಡಿಲ್ಟಿಯಾಜೆಮ್ ಜೆಲ್ಲನ್ನೋ ಬರೆಯಬಹುದು. ಎರಡೂ ರಕ್ತನಾಳಗಳನ್ನು ಹಿಗ್ಗಿಸಿ ಗಂಟಿಗೆ ರಕ್ತ ಹರಿಯುವಂತೆ ಮಾಡುತ್ತವೆ. ಔಷಧಿ ಅಂಗಡಿಯಲ್ಲಿ ಕೊಡುವ ಟ್ಯೂಬಿನ ಮೇಲೆ ಗುದದ್ವಾರದ ಸೀಳಿಗೆ ಎಂದು ಬರೆದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ, ಅಲ್ಲಿಯೂ ಅದು ಮಾಡುವುದು ಇದೇ ಕೆಲಸವನ್ನು.

ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಕ್ಕಳೆಯನ್ನು ನೆನೆಸಿ ಒರೆಸಬೇಕೇ ಹೊರತು ಉಗುರಿನಿಂದ ಕೀಳಬಾರದು. ಜಾಗ ಒಣಗಿದ ಮೇಲೆ ಕಡ್ಡಿಯ ತುದಿಯ ಹತ್ತಿಯಲ್ಲಿ ಸ್ವಲ್ಪವೇ ಮುಲಾಮು ತೆಗೆದುಕೊಂಡು, ಗಂಟಿನ ಮೇಲಷ್ಟೇ ತೆಳುವಾಗಿ, ಸಾಮಾನ್ಯವಾಗಿ ದಿನಕ್ಕೆ 2 ಬಾರಿ ಹಚ್ಚಿ ಕೈ ತೊಳೆದುಕೊಳ್ಳಬೇಕು. ನೈಟ್ರೋಗ್ಲಿಸರಿನ್ ಚರ್ಮದ ಮೂಲಕ ರಕ್ತಕ್ಕೂ ಸೇರುವುದರಿಂದ ತಲೆನೋವು, ತಲೆಸುತ್ತು ಬರಬಹುದು; ಮೊದಲ ಕೆಲವು ದಿನ ಕುಳಿತೇ ಹಚ್ಚಿಕೊಳ್ಳುವುದು ಮೇಲು. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರಾ) ಬಗೆಯ ಮಾತ್ರೆ ನುಂಗುವವರು ಇದನ್ನು ಹಚ್ಚಲೇಬಾರದು, ಏಕೆಂದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಹೃದಯಕ್ಕೆ ಅಥವಾ ಬಿಪಿಗೆ ಔಷಧಿ ಸೇವಿಸುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಎಲೆಯಡಿಕೆಯ ಸುಣ್ಣ, ಬೆಳ್ಳುಳ್ಳಿ ರಸಗಳನ್ನು ದಯವಿಟ್ಟು ಕಿವಿಗೆ ಮೆತ್ತಬೇಡಿ; ಹುಣ್ಣು ಸುಟ್ಟು ದೊಡ್ಡದಾಗುತ್ತದೆ.

ದಿಂಬು ಬದಲಾಗದಿದ್ದರೆ ಮುಲಾಮಿನ ದುಡ್ಡು ದಂಡವೆಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಗಳಿಂದ ಬಳಸಿ ಗಟ್ಟಿಯಾದ ಹತ್ತಿ ದಿಂಬನ್ನು ಬಿಟ್ಟು, ಹಾಸಿಗೆ ಅಂಗಡಿಯಿಂದ ದಪ್ಪ ಸ್ಪಂಜಿನ ತುಂಡು ತಂದು, ಕಿವಿ ಬರುವಲ್ಲಿ ಇಡೀ ಕಿವಿ ಸಲೀಸಾಗಿ ಇಳಿಯುವಷ್ಟು ಅಗಲದ ತೂತು ಕೊರೆದು, ಗವಸು ಸಡಿಲವಾಗಿ ಹಾಕಿ ಮಲಗಬೇಕು. ಗವಸು ಬಿಗಿಯಾದರೆ ಬಟ್ಟೆಯೇ ಗಂಟನ್ನು ಒತ್ತುತ್ತದೆ. ಮೇಲುಗಿವಿಗೆ ಬುಗುಡಿ ಹಾಕುವ ಅಜ್ಜಿಯಂದಿರು ವಾಸಿಯಾಗುವವರೆಗೆ ಅದನ್ನು ತೆಗೆದಿಡಲಿ.

ಗುಣ ಕಾಣಲು ವಾರಗಳು, ಕೆಲವೊಮ್ಮೆ 2–3 ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಗಂಟು ಬೆಳೆದರೆ, ರಕ್ತ ಒಸರಿದರೆ ಅಥವಾ ಕಿವಿಯೆಲ್ಲ ಕೆಂಪಾಗಿ ಊದಿದರೆ ಕಾಯದೆ ಮತ್ತೆ ತೋರಿಸಬೇಕು. ಇಷ್ಟಕ್ಕೂ ಮಾಯದ ಗಂಟಿಗೆ ಕೆಟ್ಟ ಮೃದ್ವಸ್ಥಿಯನ್ನು ಕೆತ್ತಿ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯಿದೆ.