ಹಳೆ ವ್ಯಾನಿಗೆ ಬೇರೆ ಡೀಸೆಲ್ ಎಂಜಿನ್: ಮನೆಯಲ್ಲೇ ಕೂರಿಸಿದ ನನ್ನ ಅನುಭವ

ನನ್ನದು 1987ರ ಫೋಕ್ಸ್‌ವ್ಯಾಗನ್ ಟಿ3 ವ್ಯಾನ್. ಇದರ ಎಂಜಿನ್ ಹಿಂದುಗಡೆ, ಡಿಕ್ಕಿಯ ನೆಲದ ಕೆಳಗೆ ಇರುತ್ತದೆ. ಕಂಪನಿಯಿಂದ ಬಂದಿದ್ದು 1.6 ಲೀಟರಿನ ಟರ್ಬೊ ಡೀಸೆಲ್, ಕೋಡ್ ಜೆಎಕ್ಸ್, 70 ಎಚ್‌ಪಿ. ನಾನಿರುವುದು ದಕ್ಷಿಣ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಆಚೆಯ ಒಂದು ಹಳ್ಳಿಯಲ್ಲಿ. ಉಲ್ಮ್ ಕಡೆ ಹೋಗಬೇಕಾದರೆ ಎ8 ಹೆದ್ದಾರಿಯಲ್ಲಿ ಆಲ್ಬ್ ಬೆಟ್ಟ ಹತ್ತಬೇಕು. ಸಾಮಾನು ತುಂಬಿಕೊಂಡು ಹೊರಟರೆ ಅಲ್ಲಿ ಮೂರನೇ ಗೇರಿನಲ್ಲಿ ಲಾರಿಗಳ ಹಿಂದೆಯೇ ನಮ್ಮ ಮೆರವಣಿಗೆ.

ಎಂಜಿನ್ಗೆ ವಯಸ್ಸಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳ ತುಂಬ ಬಿಳಿ ಹೊಗೆ. ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮುತ್ತದೆ ಅಂತ ಕಂಪ್ರೆಷನ್ ಗೇಜ್ ಹಾಕಿ ನೋಡಿದೆ. ಈ ಎಂಜಿನ್‌ಗಳಲ್ಲಿ ಹೊಸದಿದ್ದಾಗ 34 ಬಾರ್ ಬರುತ್ತದೆ, 26ಕ್ಕಿಂತ ಕೆಳಗಿಳಿದರೆ ಮುಗಿಯಿತು ಅಂತ ಲೆಕ್ಕ. ನನ್ನದರಲ್ಲಿ ಎರಡು ಸಿಲಿಂಡರ್ ಆ ಗೆರೆ ದಾಟಿ ಕೆಳಗಿದ್ದವು.

ಇದನ್ನೇ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ) ಕಟ್ಟಿಸಬಹುದಿತ್ತು. ಅಷ್ಟು ದುಡ್ಡು ಸುರಿದು ಮತ್ತೆ ಅದೇ 70 ಎಚ್‌ಪಿ ಯಾಕೆ ಅನ್ನಿಸಿತು. ದಾವಣಗೆರೆಯ ಗೆಳೆಯ ಒಬ್ಬ ಇಲ್ಲೇ ಹತ್ತಿರದಲ್ಲಿದ್ದಾನೆ. ಅವನದು ಒಂದೇ ಮಾತು: "ಗುರು, ಸುಮ್ನೆ ಟಿಡಿಐ ಹಾಕ್ಬಿಡು. ಬೆಟ್ಟ ಹೆಂಗ್ ಹತ್ತುತ್ತೆ ನೋಡು."

ಅವನು ಹೇಳಿದ್ದೂ ಸರಿಯೇ. ಟಿಡಿಐ ಅಂದರೆ ಫೋಕ್ಸ್‌ವ್ಯಾಗನ್‌ನದೇ ಆಮೇಲಿನ ಡೀಸೆಲ್ ಎಂಜಿನ್. 1.9 ಟಿಡಿಐನಲ್ಲಿ 90 ಎಚ್‌ಪಿ, 200 ನ್ಯೂಟನ್ ಮೀಟರಿಗೂ ಜಾಸ್ತಿ ಟಾರ್ಕ್ (ತಿರುಗಿಸುವ ಬಲ). ಆದರೆ ಅದರ ಡೀಸೆಲ್ ಪಂಪ್ ನಡೆಯುವುದು ಕಂಪ್ಯೂಟರ್ ಹೇಳಿದಂತೆ. ಸೆನ್ಸರ್, ವೈರಿಂಗ್, ಆಕ್ಸಿಲರೇಟರ್ ಪೆಡಲ್ ಎಲ್ಲವನ್ನೂ ಜೊತೆಗೆ ತಂದು ಕೂರಿಸಬೇಕು. ನನ್ನ ವ್ಯಾನಿನ ಡೀಸೆಲ್ ಎಂಜಿನ್ ಓಡುವುದಕ್ಕೆ ಬೇಕಿದ್ದ ಕರೆಂಟ್ ಎಂದರೆ ಪಂಪಿನಲ್ಲಿ ಡೀಸೆಲ್ ಬಿಡುವ, ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡಿಗೆ ಹೋಗುವ ಒಂದು ವೈರ್ ಅಷ್ಟೇ. ಆ ಸರಳತೆ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ನಾನು ಆರಿಸಿದ್ದು ಎಎಝಡ್ ಅನ್ನುವ 1.9 ಟರ್ಬೊ ಡೀಸೆಲ್. ಮೂರನೇ ತಲೆಮಾರಿನ ಗಾಲ್ಫ್ ಕಾರಿನಲ್ಲಿ ಬರುತ್ತಿತ್ತು. 75 ಎಚ್‌ಪಿ, 150 ನ್ಯೂಟನ್ ಮೀಟರ್. ಹಳೆಯದಕ್ಕಿಂತ 5 ಎಚ್‌ಪಿ ಮಾತ್ರ ಜಾಸ್ತಿ ಅಂತ ಗೆಳೆಯ ನಕ್ಕ. ನಗಲಿ. ಎರಡೂ ಒಂದೇ ಮನೆತನದ ಎಂಜಿನ್‌ಗಳು. ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಮುಖದ (ಬೆಲ್ ಹೌಸಿಂಗ್) ಬೋಲ್ಟುಗಳು ನೇರವಾಗಿ ಕೂರುತ್ತವೆ, ಅಡಾಪ್ಟರ್ ಪ್ಲೇಟಿಗಾಗಿ ಲೇತ್ ಅಂಗಡಿಗೆ ಅಲೆಯುವ ಹಾಗಿಲ್ಲ.

ಇನ್ನೊಂದು ಕಾರಣ ಕಾಗದಪತ್ರ. ಜರ್ಮನಿಯಲ್ಲಿ 30 ವರ್ಷ ದಾಟಿದ ಗಾಡಿ ಒಳ್ಳೆ ಸ್ಥಿತಿಯಲ್ಲಿದ್ದರೆ 'ಎಚ್' ನಂಬರ್ ಪ್ಲೇಟ್ ಸಿಗುತ್ತದೆ. ಆಗ ವರ್ಷಕ್ಕೆ 191 ಯೂರೋ ತೆರಿಗೆ ಕಟ್ಟಿದರೆ ಆಯಿತು, ಹೊಗೆ ನಿರ್ಬಂಧ ಇರುವ ಊರುಗಳಿಗೂ ಹೋಗಬಹುದು. ಆದರೆ ಗಾಡಿಯಲ್ಲಿ ಮಾಡುವ ದೊಡ್ಡ ಬದಲಾವಣೆ ಆ ಕಾಲದ್ದೇ ಆಗಿರಬೇಕು, ಗಾಡಿ ರಸ್ತೆಗಿಳಿದ ಸುಮಾರು 10 ವರ್ಷದೊಳಗೆ ಆಗಬಹುದಾಗಿದ್ದು ಅನ್ನುವ ಹಾಗೆ. ತೊಂಬತ್ತರ ದಶಕದ ಶುರುವಿನ ಎಎಝಡ್ ಈ ಲೆಕ್ಕಕ್ಕೆ ಒಗ್ಗುತ್ತದೆ. ಸ್ಪ್ಯಾನರ್ ಮುಟ್ಟುವ ಮೊದಲೇ ತಪಾಸಣೆ ಮಾಡುವ ಎಂಜಿನಿಯರ್ ಹತ್ತಿರ ಹೋಗಿ ಎಂಜಿನ್ ಕೋಡ್ ತೋರಿಸಿ ಕೇಳಿದೆ. ನೀವು ಊರಲ್ಲಿ ಮಾಡುವುದಾದರೂ ಹೀಗೇ ಮಾಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಎಂಜಿನ್ ಕೂರಿಸಿದ ಮೇಲೆ ಓಡಾಡುವುದಕ್ಕಿಂತ ಮೊದಲೇ ಕೇಳುವುದು ಅಗ್ಗ.

ಗುಜರಿಯಿಂದ ಎಎಝಡ್ ತಂದೆ. ಹೆಡ್ (ಸಿಲಿಂಡರ್‌ಗಳ ಮೇಲಿನ, ವಾಲ್ವುಗಳಿರುವ ಮುಚ್ಚಳ) ಬಿಚ್ಚಿದಾಗ ವಾಲ್ವುಗಳ ನಡುವೆ ಕೂದಲೆಳೆಯಂಥ ಬಿರುಕು ಕಂಡಿತು. ಮೊದಲ ಸಲ ನೋಡಿದವರು ಹೆದರುತ್ತಾರೆ. ಅಗಲ 0.5 ಮಿ.ಮೀ. ಒಳಗಿದ್ದರೆ ಈ ಹೆಡ್‌ಗಳಲ್ಲಿ ನಡೆಯುತ್ತದೆ ಅಂತ ಕಂಪನಿಯ ಮ್ಯಾನ್ಯುಯಲ್ಲೇ ಹೇಳುತ್ತದೆ. ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಮೂರು ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಮೇಲಕ್ಕೆ ಬಂದಾಗ ಬ್ಲಾಕಿನಿಂದ ಎಷ್ಟು ಹೊರಗೆ ಚಾಚುತ್ತದೆ ಅಂತ ಡಯಲ್ ಗೇಜಿನಲ್ಲಿ ಅಳೆದು ದಪ್ಪ ಆರಿಸಬೇಕು. ಹೆಡ್ ಬೋಲ್ಟ್ ಹೊಸದೇ ಆಗಬೇಕು. ಬಿಗಿಯುವುದು ಮೊದಲು 40, ಆಮೇಲೆ 60 ನ್ಯೂಟನ್ ಮೀಟರ್, ಆಮೇಲೆ ಎರಡು ಸಲ ಕಾಲು ಸುತ್ತು. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಮುಂದಿನ ಪುಲ್ಲಿ ಬೋಲ್ಟೂ ಅಷ್ಟೇ, ಒಂದೇ ಸಲ ಬಳಸುವಂಥದ್ದು. ಹಳೆಯದನ್ನೇ ಬಿಗಿದರೆ ಪುಲ್ಲಿ ಅಲ್ಲಾಡಿ ಕ್ರ್ಯಾಂಕಿನ ಮೂತಿಯೇ ಹಾಳಾಗುತ್ತದೆ.

ಈಗ ಅಸಲಿ ಕೆಲಸ. ಟಿ3ಯಲ್ಲಿ ಡೀಸೆಲ್ ಎಂಜಿನ್ ನೆಟ್ಟಗೆ ನಿಂತಿರುವುದಿಲ್ಲ, ಎಡಕ್ಕೆ 50 ಡಿಗ್ರಿ ಒರಗಿರುತ್ತದೆ. ಇಲ್ಲದಿದ್ದರೆ ಡಿಕ್ಕಿಯ ನೆಲದ ಕೆಳಗೆ ಹಿಡಿಸುತ್ತಿರಲಿಲ್ಲ. ಗಾಲ್ಫ್‌ನಲ್ಲಿ ಬಹುತೇಕ ನೆಟ್ಟಗಿದ್ದ ಎಎಝಡ್ ಅನ್ನು ಹಾಗೇ ಮಲಗಿಸಿದರೆ ಆಯಿಲ್ ಒಂದು ಮೂಲೆ ಸೇರುತ್ತದೆ, ಆಯಿಲ್ ಪಂಪ್ ಹೀರುವ ಬಾಯಿ ಇನ್ನೊಂದು ಕಡೆ ಇರುತ್ತದೆ. ಹಾಗಾಗಿ ಹಳೆ ಜೆಎಕ್ಸ್‌ನ ಆಯಿಲ್ ಸಂಪ್ (ಅಡಿಯ ತೊಟ್ಟಿ), ಆಯಿಲ್ ಹೀರುವ ಪೈಪ್, ಫಿಲ್ಟರ್ ಕೂರುವ ಬ್ರಾಕೆಟ್, ಎಂಜಿನ್ ಮೌಂಟಿಂಗ್, ಆಲ್ಟರ್ನೇಟರ್ ಬ್ರಾಕೆಟ್ ಎಲ್ಲ ಬಿಚ್ಚಿ ತೊಳೆದು ಹೊಸದಕ್ಕೆ ಹಾಕಿದೆ. ಎಎಝಡ್ ಬ್ಲಾಕಿನ ಡಿಪ್‌ಸ್ಟಿಕ್ ತೂತು ಮುಚ್ಚಿದೆ. ಟಿ3ಯಲ್ಲಿ ಆಯಿಲ್ ನೋಡುವುದು, ತುಂಬುವುದು ಎಲ್ಲ ಹಿಂದಿನ ನಂಬರ್ ಪ್ಲೇಟಿನ ಮುಚ್ಚಳದ ಹಿಂದೆ.

ಹೊಗೆಯ ಬಲದಿಂದ ಎಂಜಿನ್‌ಗೆ ಗಾಳಿ ತುಂಬುವ ಟರ್ಬೊದ್ದೂ ಇದೇ ಕಥೆ. ಅದರ ಆಯಿಲ್ ವಾಪಸ್ ಹೋಗುವುದು ಒತ್ತಡದಿಂದಲ್ಲ, ಸುಮ್ಮನೆ ಕೆಳಕ್ಕೆ ಇಳಿದು. ಪೈಪ್ ಎಲ್ಲಾದರೂ ಮೇಲಕ್ಕೆ ತಿರುಗಿದರೆ ಆಯಿಲ್ ನಿಂತು ಸೀಲ್ ದಾಟಿ ಸೈಲೆನ್ಸರಿಗೆ ಹೋಗುತ್ತದೆ. ಹಾಗಾಗಿ ಜೆಎಕ್ಸ್‌ನ ಮ್ಯಾನಿಫೋಲ್ಡ್ (ಹೊಗೆ ಹೊರಬರುವ ಕವಲು ಪೈಪ್) ಮತ್ತು ಟರ್ಬೊವನ್ನೇ ಹಾಕಿದೆ. ಕೊನೆಗೆ ನೋಡಿದರೆ ಹೊಸದು ಅಂತ ಇದ್ದಿದ್ದು ಬ್ಲಾಕ್, ಹೆಡ್, ಡೀಸೆಲ್ ಪಂಪ್ ಇಷ್ಟೇ. ಮೈಯೆಲ್ಲ ಹಳೆಯದೇ. ಎಂಜಿನ್ ಬದಲಾಯಿಸಬೇಕು ಅಂತಿರುವವರು ಹಳೆಯದನ್ನು ಗುಜರಿಗೆ ಕೊಡುವ ಆತುರ ಮಾಡಬೇಡಿ.

ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ), ಕ್ಲಚ್ ಕೂಡ ಹಳೆ ಎಂಜಿನ್ನಿನದೇ ಅಳತೆ. ಇಲ್ಲಿ ಒಂದು ಚಿಕ್ಕ ವಸ್ತು ಮರೆತುಹೋಗುವ ಸಾಧ್ಯತೆ ಜಾಸ್ತಿ. ಟಿ3 ಗೇರ್‌ಬಾಕ್ಸಿನ ಶಾಫ್ಟಿನ ತುದಿ ಕ್ರ್ಯಾಂಕಿನ ಒಳಗೆ ಒಂದು ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಗಾಲ್ಫ್‌ನಲ್ಲಿ ಎಂಜಿನ್ ಅಡ್ಡಕ್ಕಿರುವುದರಿಂದ ಅದರ ಕ್ರ್ಯಾಂಕಿನಲ್ಲಿ ಬೇರಿಂಗ್ ಇರುವುದಿಲ್ಲ. ಅಗ್ಗದ ವಸ್ತು, ಆದರೆ ಅದಕ್ಕೋಸ್ಕರ ಮತ್ತೆ ಎಂಜಿನ್ ಇಳಿಸುವುದೆಂದರೆ ಬೇಡಪ್ಪ.

ಎಂಜಿನ್ ಮೇಲಿನಿಂದ ಬರುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಸುಮಾರು ಒಂದೂವರೆ ಕ್ವಿಂಟಾಲ್ ಭಾರ. ಅಂಗಳದ ಕಾಂಕ್ರೀಟ್ ಮೇಲೆ ದಪ್ಪ ಸ್ಟ್ಯಾಂಡ್ ಕೊಟ್ಟು ವ್ಯಾನಿನ ಹಿಂಭಾಗ ಎತ್ತಿದೆವು. ಗೇರ್‌ಬಾಕ್ಸನ್ನು ಬೆಲ್ಟಿನಿಂದ ಅಲ್ಲೇ ತೂಗುಹಾಕಿ, ಎಂಜಿನ್ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟೆವು. ಬೋಲ್ಟ್ ಬಿಚ್ಚುವವನು ನಾನು, ಜ್ಯಾಕ್ ಇಳಿಸುವವನು ಗೆಳೆಯ. ಇದನ್ನು ಒಬ್ಬರೇ ಮಾಡಲೇಬಾರದು. ಹೊಸದನ್ನು ಏರಿಸುವಾಗ ಶಾಫ್ಟ್ ಕ್ಲಚ್ ಪ್ಲೇಟಿಗೆ ಸೇರದೆ ಸತಾಯಿಸಿತು. ಆಗ ಬೋಲ್ಟ್ ಬಿಗಿದು ಎಳೆಯಬಾರದು. ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ನಿಧಾನ ತಿರುಗಿಸಿದರೆ ಹಲ್ಲು ಸಿಕ್ಕಿ ತಾನೇ ಒಳಗೆ ಜಾರುತ್ತದೆ.

ಕ್ರ್ಯಾಂಕ್, ಕ್ಯಾಮ್ (ವಾಲ್ವು ತೆರೆಯುವ ಶಾಫ್ಟ್), ಡೀಸೆಲ್ ಪಂಪ್ ಮೂರನ್ನೂ ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟಿನಲ್ಲಿ ಅಂದಾಜು ನಡೆಯುವುದಿಲ್ಲ. ಹಲ್ಲು ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಕ್ಯಾಮ್ ಹಿಂದಿನ ಸೀಳಿಗೆ ಲಾಕ್ ಪಟ್ಟಿ, ಪಂಪ್ ಪುಲ್ಲಿಗೆ ಪಿನ್, ಫ್ಲೈವೀಲ್ ಗುರುತು ಕಿಂಡಿಯಲ್ಲಿ ಸರಿಯಾಗಿ. ಆಮೇಲೆ ಪಂಪಿನ ಹಿಂದೆ ಡಯಲ್ ಗೇಜ್ ಹಾಕಿ ಪ್ಲಂಜರ್ (ಡೀಸೆಲ್ ಒತ್ತುವ ದಂಡ) ಎತ್ತುವಿಕೆ 0.9 ಮಿ.ಮೀ. ಬರುವಂತೆ ಪಂಪನ್ನು ತಿರುಗಿಸಿ ಬಿಗಿದೆ. ಸ್ಪ್ಯಾನರಿನಲ್ಲಿ ಎರಡು ಸುತ್ತು ಕೈಯಲ್ಲೇ ತಿರುಗಿಸಿ ಮತ್ತೆ ನೋಡಿದ ಮೇಲೆ ಸಮಾಧಾನ.

ಡೀಸೆಲ್ ಪೈಪಿನಲ್ಲಿ ಒಂದು ಗುಟ್ಟಿದೆ. ಪಂಪಿಗೆ ಡೀಸೆಲ್ ಬರುವ ಬೋಲ್ಟ್, ವಾಪಸ್ ಹೋಗುವ ಬೋಲ್ಟ್ ನೋಡಲು ಒಂದೇ ಥರ. ವಾಪಸ್ ಹೋಗುವುದರ ತಲೆ ಮೇಲೆ 'ಔಟ್' ಅಂತ ಕೊರೆದಿರುತ್ತದೆ, ಒಳಗೆ ಸೂಜಿಯಂಥ ತೂತು. ಅದಲು ಬದಲಾದರೆ ಪಂಪಿನೊಳಗೆ ಒತ್ತಡ ನಿಲ್ಲುವುದಿಲ್ಲ, ನೀವು ಪಂಪೇ ಕೆಟ್ಟಿದೆ ಅಂದುಕೊಳ್ಳುತ್ತೀರಿ. ನನ್ನದು ಸ್ಟಾರ್ಟ್ ಆಯಿತು, ಆದರೆ ಸ್ವಲ್ಪ ಹೊತ್ತಿಗೆ ಮುಗ್ಗರಿಸತೊಡಗಿತು. ಫಿಲ್ಟರಿನಿಂದ ಪಂಪಿಗೆ ಪಾರದರ್ಶಕ ಪೈಪ್ ಹಾಕಿದ್ದರಿಂದ ಗುಳ್ಳೆ ಓಡುವುದು ಕಣ್ಣಿಗೇ ಕಂಡಿತು. ಟ್ಯಾಂಕ್ ಹತ್ತಿರದ ಹಳೆ ರಬ್ಬರ್ ಪೈಪ್ ಸೀಳಿ ಗಾಳಿ ಎಳೆಯುತ್ತಿತ್ತು. ಬದಲಾಯಿಸಿದೆ, ಸರಿಹೋಯಿತು.

ನೀರಿನ ಕೆಲಸಕ್ಕೂ ತಾಳ್ಮೆ ಬೇಕು. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಇಡೀ ಗಾಡಿಯುದ್ದ ಪೈಪ್. ವ್ಯಾನಿನ ಮೂತಿಯನ್ನು ಮೊಣಕಾಲೆತ್ತರಕ್ಕೆ ಎತ್ತಿ, ರೇಡಿಯೇಟರ್ ಮೇಲಿನ ಸ್ಕ್ರೂ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ಕೂಲಂಟ್ ಸುರಿಯುತ್ತಿರಬೇಕು.

ತಪಾಸಣೆಯಲ್ಲಿ ಎಂಜಿನಿಯರ್ ಕೋಡ್ ಓದಿದರು, ಹೊಗೆ ಅಳೆದರು, ಬ್ರೇಕ್ ನೋಡಿದರು. ಗಾಲ್ಫ್‌ನ ಮಾಲಿನ್ಯ ದಾಖಲೆ ಜೊತೆಗಿಟ್ಟುಕೊಂಡಿದ್ದರಿಂದ ಪ್ರಶ್ನೆ ಜಾಸ್ತಿ ಬರಲಿಲ್ಲ. ಆಲ್ಬ್ ಏರು ಈಗ ನಾಲ್ಕನೇ ಗೇರಿನಲ್ಲಿ ಆಗುತ್ತದೆ, ಗಾಳಿ ಎದುರಿದ್ದರೆ ಮೂರಕ್ಕೆ ಇಳಿಸಬೇಕು. ಸಪಾಟು ರಸ್ತೆಯಲ್ಲಿ ಮಾತ್ರ ಹಳೆ ಡೀಸೆಲ್ ಗೇರ್‌ಬಾಕ್ಸ್ ಎಂಜಿನನ್ನು ಸುಮ್ಮಸುಮ್ಮನೆ ಕಿರುಚಿಸುತ್ತದೆ. ಅದಕ್ಕೆ ಉದ್ದನೆಯ ಐದನೇ ಗೇರ್ ಹುಡುಕುತ್ತಿದ್ದೇನೆ. ಗೆಳೆಯ ಇನ್ನೂ ಟಿಡಿಐ ಅಂತಲೇ ಇದ್ದಾನೆ.