ಕೆಂಚ ಮರಳಿ ಬಂದ ಮೇಲೆ ನಾನು ಬದಲಿಸಿಕೊಂಡ ಕ್ರಮ

ಮೈಸೂರಿನ ನಮ್ಮ ಮನೆಯ ಹಿತ್ತಿಲಿಗೆ ಹೊಂದಿಕೊಂಡ ಕೋಣೆಯಲ್ಲಿ, ಗಾಯಗೊಂಡ ಅಥವಾ ಯಾರೋ ಬಿಟ್ಟುಹೋದ ನಾಯಿಗಳನ್ನು ಶಾಶ್ವತ ಮನೆ ಸಿಗುವವರೆಗೆ ಇಟ್ಟುಕೊಂಡು ನೋಡಿಕೊಳ್ಳುವ ಕೆಲಸವನ್ನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಇದುವರೆಗೆ ದತ್ತು ಹೋದ 23 ನಾಯಿಗಳಲ್ಲಿ ಮರಳಿ ಬಂದದ್ದು ಒಂದೇ, ಕೆಂಚ ಎಂಬ ಎರಡು ವರ್ಷದ ನಾಡತಳಿಯ ಗಂಡುನಾಯಿ. ಒಂಟಿಯಾಗಿ ಬಿಟ್ಟರೆ ಅದು ಉಗುರಿನಲ್ಲಿ ರಕ್ತ ಬರುವವರೆಗೂ ಬಾಗಿಲು ಕೆರೆದು ಗೋಳಿಡುತ್ತದೆ ಎಂಬುದು ನನಗೆ ಗೊತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದರೆ ದತ್ತು ಕೇಳಿ ಬಂದವರು ಒಪ್ಪಲಾರರೆಂಬ ಅಂಜಿಕೆಯಿಂದ ‘ಮನುಷ್ಯರನ್ನು ತುಂಬಾ ಹಚ್ಚಿಕೊಳ್ಳುತ್ತದೆ’ ಎಂದಷ್ಟೇ ಹೇಳಿದ್ದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಡುವ ಮನೆ ಅದು. ಹನ್ನೊಂದನೆಯ ದಿನ ಅವರು ಕಣ್ಣೀರಿಡುತ್ತಲೇ ಕೆಂಚನನ್ನು ಮರಳಿ ತಂದು ಬಿಟ್ಟರು. ತಪ್ಪು ಅವರದಾಗಿರಲಿಲ್ಲ, ನನ್ನದಾಗಿತ್ತು.

ಅಂದಿನಿಂದ ನಾಯಿಯ ಬಗ್ಗೆ ಒಂದು ನೋಟ್‌ಬುಕ್ ಬರೆದಿಡದೆ ಯಾರಿಗೂ ಅದನ್ನು ತೋರಿಸುವುದಿಲ್ಲ.

ಆರೋಗ್ಯದ ವಿಷಯ ಮೊದಲು. ಹೊಸದಾಗಿ ಬಂದ ನಾಯಿಯನ್ನು 14 ದಿನ ಬೇರೆ ನಾಯಿಗಳಿಂದ ದೂರ ಇರಿಸುತ್ತೇನೆ. ಅದರ ತಟ್ಟೆ, ಹಾಸು, ಆ ಕೋಣೆಗೆ ಹೋಗುವಾಗ ನಾನು ಹಾಕಿಕೊಳ್ಳುವ ಚಪ್ಪಲಿ ಎಲ್ಲವೂ ಪ್ರತ್ಯೇಕ. ಮರಿಗಳ ವಿಷಯದಲ್ಲಂತೂ ವಾಂತಿ, ಭೇದಿ ತರುವ ಪಾರ್ವೊ ಎಂಬ ವೈರಾಣು ಕಾಯಿಲೆಯ ಭಯ ಸದಾ ಇರುತ್ತದೆ. ಸೋಂಕು ತಗುಲಿದರೂ ಕೆಲವು ದಿನ ಲಕ್ಷಣ ಕಾಣಿಸುವುದಿಲ್ಲ, ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆದ್ದರಿಂದ ಫಿನಾಯಿಲನ್ನು ನಂಬದೆ, 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಿ ಒರೆಸುತ್ತೇನೆ. ಮರಿಗಳಿಗೆ 6ರಿಂದ 8 ವಾರದ ವಯಸ್ಸಿನಲ್ಲಿ ಶುರುವಾಗುವ ಲಸಿಕೆಯನ್ನು 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಪುನಃ ಪುನಃ ಕೊಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ. ಬೀದಿಯಿಂದ ಬಂದ ದೊಡ್ಡ ನಾಯಿಗಳಲ್ಲಿ ಉಣ್ಣಿ ಹುಳುಗಳಿಂದ ಹರಡುವ ಜ್ವರ ಹೆಚ್ಚಾಗಿರುವುದರಿಂದ, ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಪಶುವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸದೆ ಮುಂದುವರಿಯುವುದಿಲ್ಲ.

ಮೊದಲ ಮೂರು ದಿನ ನಾಯಿಯ ಸ್ವಭಾವದ ಬಗ್ಗೆ ನಾನು ಏನನ್ನೂ ತೀರ್ಮಾನಿಸುವುದಿಲ್ಲ, ಏಕೆಂದರೆ ಮಂಚದ ಕೆಳಗೆ ಸದ್ದಿಲ್ಲದೆ ಮಲಗಿರುವ ನಾಯಿ ಸಾಧುವಾದುದೆಂದೇನೂ ಅಲ್ಲ. ಅದು ಹೆದರಿ ಮರಗಟ್ಟಿರಬಹುದು. ಆಮೇಲೆ ಬರೆಯುತ್ತಾ ಹೋಗುತ್ತೇನೆ: ಕರೆಗಂಟೆಗೆ, ಪೊರಕೆಗೆ, ಹೆಲ್ಮೆಟ್ ಹಾಕಿದವರಿಗೆ, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದಿಗೆ, ಊಟದ ತಟ್ಟೆಯ ಹತ್ತಿರ ಕೈ ಬಂದಾಗ, ಮಕ್ಕಳು ಓಡಿದಾಗ, ಬೆಕ್ಕು ಕಂಡಾಗ ಅದು ಏನು ಮಾಡಿತು, ಎಷ್ಟು ದೂರದಲ್ಲಿದ್ದಾಗ ಮಾಡಿತು, ಸಮಾಧಾನವಾಗಲು ಎಷ್ಟು ಹೊತ್ತು ಹಿಡಿಯಿತು. ಒಳ್ಳೆಯದು, ತುಂಟ ಎಂಬಂಥ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ, ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ದಸರೆಗೆ ಮುಂಚೆ ನಮ್ಮ ಊರಿನಲ್ಲಿ ಆನೆ ಕುದುರೆಗಳು ಬೆದರದಿರಲೆಂದು ಫಿರಂಗಿಯ ಸದ್ದಿನ ತಾಲೀಮು ನಡೆಸುತ್ತಾರೆ. ದೊಡ್ಡ ಸದ್ದಿಗೆ ನಡುಗುವ ನಾಯಿಗೂ ಅದೇ ದಾರಿ, ಆದರೆ ಇನ್ನೂ ನಿಧಾನವಾಗಿ. ಫೋನಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಬೇಯಿಸಿದ ಕೋಳಿಯ ಚೂರು ಕೊಡುತ್ತಾ, ದಿನಗಳೆದಂತೆ ಏರಿಸಬೇಕು. ಕೆಂಚನಿಗೆ ಒಂಟಿಯಾಗಿರುವುದನ್ನು ಕಲಿಸಿದ್ದೂ ಹೀಗೆಯೇ. ಅದು ಅಳಲು ಆರಂಭಿಸುವ ಮೊದಲೇ ಮರಳಿ ಬರುವುದು ಇದರ ಮುಖ್ಯ ಅಂಶ. ಮೂವತ್ತು ಸೆಕೆಂಡಿನಿಂದ ಶುರುಮಾಡಿ ಎರಡು ಗಂಟೆಗೆ ತಲುಪಲು ನಮಗೆ ಮೂರು ತಿಂಗಳು ಬೇಕಾಯಿತು.

ದತ್ತು ಕೇಳಿದವರ ಜೊತೆ ಮೊದಲು ಫೋನಿನಲ್ಲಿ ದೀರ್ಘವಾಗಿ ಮಾತನಾಡುತ್ತೇನೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮನೆಯ ಹಿರಿಯರು ಏನನ್ನುತ್ತಾರೆ ಎಂದು ಕೇಳುತ್ತೇನೆ. ಅಡುಗೆಮನೆಗೂ ದೇವರಮನೆಗೂ ನಾಯಿ ಬರಕೂಡದೆನ್ನುವ ಅಜ್ಜಿ ಇದ್ದರೆ ಅದೊಂದು ಅಡ್ಡಿಯೇ ಅಲ್ಲ, ಬಾಗಿಲಿಗೆ ಅಡ್ಡಹಲಗೆ ಇಟ್ಟರೆ ನಾಯಿ ಕಲಿತುಕೊಳ್ಳುತ್ತದೆ. ಆದರೆ ಅಜ್ಜಿಯನ್ನು ಕೇಳದೆಯೇ ನಾಯಿ ತರಲು ಹೊರಟ ಮನೆಗೆ ನಾನು ಕೊಡುವುದಿಲ್ಲ.

ಮೊದಲ ಭೇಟಿಯನ್ನು ಯಾರ ಮನೆಯಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ, ವಾಹನಗಳಿಲ್ಲದ ಬಡಾವಣೆಯ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಜೊತೆಯಾಗಿ ನಡೆಯುತ್ತೇವೆ. ನಾಯಿಯನ್ನು ಕರೆಯಬೇಡಿ, ದಿಟ್ಟಿಸಬೇಡಿ, ತಲೆಯ ಮೇಲೆ ಕೈ ತರಬೇಡಿ ಎಂದು ಮೊದಲೇ ತಿಳಿಸಿರುತ್ತೇನೆ. ಅದಾಗಿಯೇ ಬಂದು ಮೂಸಿದರೆ, ಪಕ್ಕಕ್ಕೆ ತಿರುಗಿ ಕುಳಿತು ಎದೆಯ ಭಾಗವನ್ನು ಮೂರು ಸೆಕೆಂಡು ಸವರಿ ಕೈ ತೆಗೆಯಬೇಕು. ಇನ್ನೂ ಬೇಕೆಂದು ಅದು ಒತ್ತಿಕೊಂಡರೆ ಮುಂದುವರಿಸಬಹುದು. ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು ಇವೆಲ್ಲ ಸಾಕು ಎಂಬುದಕ್ಕೆ ಅದು ಕೊಡುವ ಸೂಚನೆಗಳು. ಆ ಮನೆಯಲ್ಲಿ ಈಗಾಗಲೇ ನಾಯಿಯಿದ್ದರೆ, ಎರಡನ್ನೂ ಇಪ್ಪತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ, ಹಗ್ಗ ಬಿಗಿಯಾಗದಂತೆ ನೋಡಿಕೊಂಡು, ನಿಧಾನವಾಗಿ ಹತ್ತಿರ ತರುತ್ತೇವೆ. ಎದುರುಬದುರಾಗಿ ತಂದು ನಿಲ್ಲಿಸಿದರೆ ಸ್ನೇಹವಾಗಬೇಕಾದಲ್ಲಿ ಜಗಳವಾಗುತ್ತದೆ.

ನಡಿಗೆ ಮುಗಿದ ಮೇಲೆ ನೋಟ್‌ಬುಕ್ ತೆರೆದು, ನಾಯಿಯ ಕಷ್ಟದ ವಿಷಯಗಳಿಂದಲೇ ಆರಂಭಿಸಿ ಓದಿ ಹೇಳುತ್ತೇನೆ. ಕೆಲವರು ಅಷ್ಟಕ್ಕೇ ಹಿಂದೆ ಸರಿಯುತ್ತಾರೆ. ಅವರ ಬಗ್ಗೆ ನನಗೆ ಬೇಸರವಿಲ್ಲ, ಪ್ರಾಮಾಣಿಕವಾಗಿ ಬೇಡವೆಂದವರಿಗೆ ನಾನು ಋಣಿ. ಒಪ್ಪಿದವರ ಮನೆಯಲ್ಲಿ ಎರಡನೆಯ ಭೇಟಿ ನಡೆಯುತ್ತದೆ. ಒಪ್ಪಿಸುವ ದಿನ ಅದು ಮಲಗುತ್ತಿದ್ದ ಹಾಸನ್ನು ಒಗೆಯದೆಯೇ ಕಳುಹಿಸುತ್ತೇನೆ. ಒಂದು ವಾರ ನಮ್ಮ ಮನೆಯ ಊಟವನ್ನೇ ಮುಂದುವರಿಸಲು ಹೇಳುತ್ತೇನೆ. ಹೊಸ ಜಾಗದಲ್ಲಿ ನಾಯಿ ತಪ್ಪಿಸಿಕೊಂಡು ಓಡುವ ಅಪಾಯ ಮೊದಲ ದಿನಗಳಲ್ಲಿಯೇ ಹೆಚ್ಚಾದ್ದರಿಂದ ಕುತ್ತಿಗೆಯ ಪಟ್ಟಿಯ ಜೊತೆಗೆ ಎದೆಯ ಪಟ್ಟಿಯೂ ಇರಲೇಬೇಕು. ಯಾವ ಕಾರಣಕ್ಕಾದರೂ ಸಾಕಲು ಆಗದಿದ್ದರೆ ನಾಯಿ ನನ್ನಲ್ಲಿಗೇ ಮರಳಬೇಕೆಂದು ಬರೆಸಿಕೊಳ್ಳುತ್ತೇನೆ.

ಕೆಂಚನನ್ನು ಎರಡನೆಯ ಸಲ ಕೇಳಿದವರು ನಂಜನಗೂಡಿನ ಕಡೆಯ ಒಬ್ಬ ದರ್ಜಿ. ಬಾಗಿಲು ಕೆರೆದ ಸಂಗತಿಯನ್ನೂ ಮೂರು ತಿಂಗಳ ಲೆಕ್ಕವನ್ನೂ ಪೂರ್ತಿ ಕೇಳಿಸಿಕೊಂಡು, ‘ಅಂಗಡಿ ಮನೆಯಲ್ಲೇ ಇದೆ ಮೇಡಂ, ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತೇನೆ’ ಎಂದರು. ನಾಲ್ಕು ವರ್ಷಗಳಿಂದ ಕೆಂಚ ಆ ಮೆಷಿನ್ನಿನ ಪಕ್ಕದಲ್ಲೇ ಮಲಗುತ್ತದೆ. ಮನೆಮಂದಿಯೆಲ್ಲ ಮದುವೆಗೆ ಹೋಗಬೇಕಾದ ದಿನಗಳಲ್ಲಿ ಅವರು ಅದನ್ನು ಒಂಟಿಯಾಗಿ ಬಿಡದೆ, ಅದರ ಹಾಸಿನ ಸಮೇತ ನಮ್ಮ ಮನೆಗೆ ತಂದು ಬಿಡುತ್ತಾರೆ.